ತಾನಾಗೇ ನಿಂತಿದ್ದು, ಡಾಕ್ಟ್ರೇ

…ಇಲ್ಲಮ್ಮ, ಈಗ ಮೇಲೆ ಬಿಡಲ್ಲ. ಕೂತ್ಕೋ. ಅಯ್ಯೋ, ಕೂತ್ಕೋ ಅಂದ್ನಲ್ಲ! ಆ ಸೆಕ್ಯುರಿಟಿ ಮಾಮನ ಮೀಸೆ ನೋಡಿದ್ಯಾ? ಆ ಮೀಸೆ ದಾಟಿ ಸೊಳ್ಳೆ ಕೂಡ ಒಳಗೆ ಹೋಗಲ್ಲ. ನಾನೂ ಪ್ರಯತ್ನ ಮಾಡಿ ನೋಡ್ದೆ, ಆಗಲಿಲ್ಲ. ಮೊದಲು ಡಾಕ್ಟ್ರ ಮಗ ಅಂದೆ. ಆಮೇಲೆ ಹೊಟ್ಟೆ ಹಿಡ್ಕೊಂಡು ಬಗ್ಗಿ ನಾನೇ ಪೇಷೆಂಟು ಅಂದೆ. 'ಇದು ಕೂಸುಗಳ ವಾರ್ಡು, ನಿನಗೆ ಮೀಸೆ ಚಿಗುರ್ತಿದೆ, ನಡಿ ಆಚೆ' ಅಂತ ಅಟ್ಟಿದ.

ಯಾಕೆ ಹಾಗೆ ಕಣ್ಣು ಬಿಡ್ತೀಯ? ಇಂಥ ಹೊತ್ತಲ್ಲೂ ಕೋತಿ ಚೇಷ್ಟೆ ಬೇಕಾ ಅಂತಾನಾ? ಮತ್ತೇನು ಮಾಡ್ಲಿ ಹೇಳು! ಅಣ್ಣ ಗೋಡೆ ನೋಡ್ಕೊಂಡು ನಿಂತಿದಾನೆ, ಅತ್ತಿಗೆ ಗಾಜಿನ ಈಚೆಯಿಂದ ಮಗುನ ನೋಡ್ಕೊಂಡು ನಿಂತಿದಾರೆ. ನೀನೋ, ಬೆಳಗ್ಗೆಯಿಂದ ಕಂಡಕಂಡವರ ಹತ್ರ 'ನಮ್ಮ ವಂಶದಲ್ಲಿ ಯಾರಿಗೂ ಇದಿಲ್ಲ, ಹುಡುಗಿ ಕಡೆಯಿಂದ ಬಂದಿರಬೇಕು' ಅಂತ ರಾಗ ಎಳೀತಿದೀಯ. ನೆಲ ಒರೆಸೋ ಅಕ್ಕನಿಗೂ ಹೇಳಿದ್ಯಂತೆ! ಅವರು ಬಕೆಟ್ ಕೆಳಗಿಟ್ಟು ನನ್ನ ಹತ್ರ ಬಂದು, 'ನಿಮ್ಮ ವಂಶ ಬಹಳ ಗಟ್ಟಿಯಂತಲ್ಲಪ್ಪ' ಅಂದ್ರು. ಹೌದಕ್ಕ, ನನ್ನನ್ನೇ ನೋಡಿ, ಒಂಬತ್ತನೇ ಕ್ಲಾಸಲ್ಲಿ ಎರಡು ವರ್ಷ ಗಟ್ಟಿಯಾಗಿ ಕೂತಿದ್ದೆ, ಯಾರು ತಳ್ಳಿದ್ರೂ ಹತ್ತಕ್ಕೆ ಹೋಗಲಿಲ್ಲ ಅಂದೆ.

ನಕ್ಕಿದ್ಯಾ? ತುಟಿ ಅಲ್ಲಾಡಿತು, ನೋಡ್ದೆ ನಾನು. …ಇಲ್ವಾ. ಸರಿ ಬಿಡು.

ಅಮ್ಮ, ಏನಾಗಿದೆ ಅಂತ ಯಾರೂ ನಿನಗೆ ಬಿಡಿಸಿ ಹೇಳಿಲ್ಲ, ಅದಕ್ಕೇ ನೀನು ಬಾಯಿಗೆ ಬಂದಿದ್ದು ಆಡ್ತಿದೀಯ. ಕೇಳು. ಹೃದಯ ಅಂದ್ರೆ ನಾಲ್ಕು ಕೋಣೆಯ ಮನೆ. ಹೂಂ, ನಮ್ಮ ಮನೆಗೆ ಎರಡೇ ಇರೋದು, ಪಾಪುಗೆ ನಾಲ್ಕು ಕೊಟ್ಟಿದಾರೆ. ಆದ್ರೆ ನಡುಗೋಡೆಯಲ್ಲಿ ಒಂದು ತೂತು. ಆಮೇಲೆ ಶ್ವಾಸಕೋಶದ ಕಡೆ ಹೋಗೋ ಪೈಪು ಸಣ್ಣ. ಒಳ್ಳೆ ರಕ್ತ, ಕೆಟ್ಟ ರಕ್ತ ಎರಡೂ ಬೆರೆತು ಹೋಗುತ್ತೆ. ಅದಕ್ಕೇ ಅತ್ತಾಗೆಲ್ಲ ತುಟಿ ನೀಲಿ ಆಗ್ತಿತ್ತು. ನೀನು ಚಳಿ ಅಂತ ಎರಡು ಶಾಲು ಸುತ್ತಿದ್ಯಲ್ಲ… ಅಯ್ಯೋ, ಬೈತಿಲ್ಲ ಕಣಮ್ಮ! ಅದರ ಮೇಲೆ ನನ್ನ ಜರ್ಕಿನ್ ಹೊದಿಸಿದವನು ನಾನೇ ಅಲ್ವಾ.

ಇನ್ನು ನಾನು ಪಂಕ್ಚರ್ ಅಂಗಡಿಯವನು, ತೂತು ಅಂದ ತಕ್ಷಣ ಬಾಯಿ ಸುಮ್ನಿರುತ್ತಾ? 'ಹಾಗಾದ್ರೆ ಒಂದು ಪ್ಯಾಚ್ ಹಾಕಿಬಿಡಿ ಡಾಕ್ಟ್ರೇ' ಅಂದುಬಿಟ್ಟೆ. ಅಣ್ಣ ನನ್ನ ಕಾಲು ತುಳಿದ. ಡಾಕ್ಟ್ರು ನಗಲೂ ಇಲ್ಲ, ಬೈಯಲೂ ಇಲ್ಲ. 'ಅದನ್ನೇ ಹಾಕೋದು. ನಾಳೆ ಬೆಳಗ್ಗೆ' ಅಂದ್ರು.

ನಾಳೆ ಬೆಳಗ್ಗೆ ಅಮ್ಮ! ನಾಲ್ಕು ತಿಂಗಳ ಕೂಸು. ಎದೆ ಅಂದ್ರೆ ನನ್ನ ಅಂಗೈ ಅಷ್ಟಗಲ ಇಲ್ಲ. ಅದನ್ನ ಕೊಯ್ದು… ನನಗೆ ಜೋಕು ಬರ್ತಿಲ್ಲ. ನಿಜವಾಗ್ಲೂ ಬರ್ತಿಲ್ಲ.

ಒಳ್ಳೇದಾಗುತ್ತೆ ಅಂತಾರೆ. ಇಂಥ ಮಕ್ಕಳು ಆಪರೇಷನ್ ಆದ್ಮೇಲೆ ಓಡಾಡ್ಕೊಂಡಿರ್ತಾರೆ, ಸ್ಕೂಲಿಗೆ ಹೋಗ್ತಾರೆ ಅಂದ್ರು. ಆದ್ರೆ ಡಾಕ್ಟ್ರಿಗೆ ಸಿಟ್ಟು ಬಂದಿತ್ತು. ತಡ ಮಾಡಿದೀರಿ, ಇದು ಹೊಟ್ಟೆಯಲ್ಲಿದ್ದಾಗಲೇ ಗೊತ್ತಾಗಬೇಕಿತ್ತು, ಟ್ರೀಟ್‌ಮೆಂಟಲ್ಲಿ ನಿಂತ ಮಗು ಅಂದ್ರೆ ಹೃದಯಕ್ಕೇ ಅಂತ ಬೇರೆ ಸ್ಕ್ಯಾನ್ ಮಾಡಿಸ್ತೀವಲ್ಲ, ನೀವ್ಯಾಕೆ…

ಥೂ.

ಏನಿಲ್ಲ. ಏನೂ ಅಂದಿಲ್ಲ ನಾನು. ಬೇರೆ ಯಾರದ್ದೋ ಮಗು ವಿಷಯ. ಪಕ್ಕದ ಬೆಡ್ಡು. ಅಲ್ಲಿ ಒಬ್ಬರು… ನೀಲಿ ಟೋಪಿ ಹಾಕಿದ ಮಗು ಇದೆ, ಅವರು…

ಹಾಗೆ ನೋಡಬೇಡ! ಸುಳ್ಳು ಹೇಳೋದೂ ಮರೆತು ಹೋಗಿದೆ ಇವತ್ತು. ಛೆ! ಸರಿ, ಎಷ್ಟು ದಿನ ಅಂತ ಹೊಟ್ಟೇಲಿ ಇಟ್ಕೊಂಡಿರ್ಲಿ ನಾನು? ಊರಲ್ಲಿರೋ ಗುಟ್ಟನ್ನೆಲ್ಲ ಅಂಗಡಿ ಮುಂದೆ ನಿಂತು ಕೂಗೋ ಬಾಯಿ ಇದು. ಅತ್ತಿಗೆ ಆಣೆ ಹಾಕಿಸ್ಕೊಂಡ್ರು ಅಂತ ಹೊಲಿಗೆ ಹಾಕ್ಕೊಂಡು ಕೂತಿದ್ದೆ.

ಹೌದು, ಹೊಲಿಗೆ! ಅತ್ತಿಗೆ ಹೊಲಿಗೆ ಕ್ಲಾಸಿಗೆ ಹೋಗ್ತಾರೆ ಅಂತ ನಾನು ಬೈಕಲ್ಲಿ ಕೂರಿಸ್ಕೊಂಡು ಹೋಗ್ತಿದ್ದೆನಲ್ಲ? ಅಷ್ಟು ತಿಂಗಳು ಕಲಿತವರಿಗೆ ಒಂದು ಗುಂಡಿ ಹಾಕೋಕೆ ಬರಲ್ಲ! ಅನುಮಾನ ಬರಲಿಲ್ವಾ ನಿನಗೆ? ಹೊಲಿಗೆನೂ ಇಲ್ಲ, ಏನೂ ಇಲ್ಲ. ಮಕ್ಕಳಾಗೋಕೆ ಇಂಜೆಕ್ಷನ್ನು. ದಿನಾ ಹೊಟ್ಟೆಗೆ. ವಾಪಸ್ ಬರುವಾಗ ಹಂಪ್ ಸಿಕ್ಕಿದ್ರೆ 'ಮೆಲ್ಲಗೆ ಕಣೋ' ಅಂತಿದ್ರು, ಅಷ್ಟೇ. ಮನೆಗೆ ಬಂದು ನಿನ್ನ ಬಟ್ಟೆ ಒಗೀತಿದ್ರು.

ಇನ್ನೂ ಕೇಳು, ಹೇಳೋದು ಹೇಳಿಬಿಡ್ತೀನಿ. ತೊಂದರೆ ಇದ್ದಿದ್ದು ಅತ್ತಿಗೆಗಲ್ಲ. ಅಣ್ಣನಿಗೆ. ನಿನ್ನ ಗಟ್ಟಿ ವಂಶಕ್ಕೆ! 'ಅತ್ತೆಗೆ ಗೊತ್ತಾದ್ರೆ ನಿಮ್ಮಣ್ಣ ತಲೆ ಎತ್ತಲ್ಲ, ಹೇಳಬೇಡ' ಅಂತ ಆಣೆ ಹಾಕಿಸಿದ್ದು ಅವರೇ. ನೀನು 'ಇನ್ನೂ ಏನೂ ಇಲ್ವಾ, ಇನ್ನೂ ಏನೂ ಇಲ್ವಾ' ಅಂತ ಚುಚ್ಚಿದಾಗೆಲ್ಲ ಬಾಯಿ ಮುಚ್ಕೊಂಡಿದ್ದವರೂ ಅವರೇ. ಇವತ್ತು ನೀನು ಎಲ್ಲರೆದುರು 'ಹುಡುಗಿ ಕಡೆಯಿಂದ' ಅಂದ್ಯಲ್ಲ, ಆಗಲೂ ಸುಮ್ನೆ ಇದ್ರು. ಈಗ ಅವರ ತಲೆಯಲ್ಲಿ ತನ್ನಿಂದಲೇ ಆಯ್ತು, ಇಂಜೆಕ್ಷನ್ ತಗೊಂಡಿದ್ದಕ್ಕೇ ಆಯ್ತು ಅಂತ ಕೂತುಬಿಟ್ಟಿದೆ. ಡಾಕ್ಟ್ರು ಎಷ್ಟು ಹೇಳಿದ್ರೂ ಕೇಳ್ತಿಲ್ಲ. ಟ್ರೀಟ್‌ಮೆಂಟಲ್ಲಿ ಆದ ಮಕ್ಕಳು ಬಹುತೇಕ ಎಲ್ಲ ಚೆನ್ನಾಗೇ ಇರ್ತಾರಮ್ಮ, ಹೃದಯದ ತೊಂದರೆ ಸ್ವಲ್ಪ, ಒಂಚೂರು ಹೆಚ್ಚು ಅಂತ ಅಷ್ಟೇ, ಯಾಕೆ ಅಂತ ಖಚಿತವಾಗಿ ನಮಗೇ ಗೊತ್ತಿಲ್ಲ, ಅದಕ್ಕೇ ಮೊದಲೇ ಒಂದು ಸಲ ಸ್ಕ್ಯಾನಲ್ಲಿ ಬಿಡಿಸಿ ನೋಡ್ತೀವಿ ಅಂದ್ರು. ಯಾರ ತಪ್ಪೂ ಅಲ್ಲ ಅಂದ್ರು. ಅಷ್ಟೇ ಇರೋದು. ನೋಡಬೇಕಿತ್ತು, ನೋಡಲಿಲ್ಲ.

ಯಾಕೆ ನೋಡಲಿಲ್ಲ ಅಂತ ಕೇಳು. ಕೇಳಮ್ಮ!

ಐದನೇ ತಿಂಗಳಲ್ಲಿ ಸ್ಕ್ಯಾನಿಗೆ ನೀನೂ ಬಂದಿದ್ಯಲ್ಲ, ಸೊಸೆ ಒಬ್ಬಳೇ ಬೇಡ ಅಂತ. ಆ ಸ್ಕ್ಯಾನ್ ಡಾಕ್ಟ್ರು ಜೆಲ್ ಹಚ್ತಾ ಕೇಳಿದ್ರು, 'ತಾನಾಗೇ ನಿಂತಿದ್ದಾ, ಟ್ರೀಟ್‌ಮೆಂಟಾ?' ಅಂತ. ಅಣ್ಣ ಬಾಯಿ ತೆಗೆದ. ನಿನ್ನ ಕಡೆ ನೋಡಿದ. 'ತಾನಾಗೇ ನಿಂತಿದ್ದು, ಡಾಕ್ಟ್ರೇ' ಅಂದ. ಅವರು ಬರ್ಕೊಂಡ್ರು, ಎಲ್ಲರಿಗೂ ನೋಡೋ ಹಾಗೆ ನೋಡಿ ಕಳಿಸಿದ್ರು. ಬಾಗಿಲಲ್ಲಿ ಬ್ಯಾಗ್ ಹಿಡ್ಕೊಂಡು ನಿಂತ ನನಗೆ ನಗು, ನೋಡು! ಅಣ್ಣನೂ ಸುಳ್ಳು ಹೇಳ್ತಾನಲ್ಲ ಅಂತ ಖುಷಿ! ಸ್ಕ್ಯಾನ್ ಡಾಕ್ಟ್ರಿಗೆ ಸುಳ್ಳು ಹೇಳಿದ್ರೆ ಮಗುಗೆ ತಾಗುತ್ತೆ ಅಂತ ಯಾವನಿಗೆ ಗೊತ್ತಿತ್ತು?

ಮೊದಲೇ ಗೊತ್ತಾಗಿದ್ರೆ ಹುಟ್ಟಿದ ದಿನದಿಂದಲೇ ಹೃದಯದ ಡಾಕ್ಟ್ರ ಕೈಯಲ್ಲಿ ಇರ್ತಿತ್ತಂತೆ. ಇಷ್ಟು ಸೊರಗ್ತಿರಲಿಲ್ಲ. ಶಾಲು ಸುತ್ತಿ ಕಳೆದ ದಿನಗಳೆಲ್ಲ…

ಸರಿ, ಎಲ್ಲ ಆಯ್ತು. ಬೈ ಈಗ. ನಿನ್ನ ಮಗನ ಬಗ್ಗೆ ಅಂಥ ಮಾತು ಆಡಿದೆ, ಕೆನ್ನೆಗೆ ಒಂದು ಬಿಡು. ಯಾವ ಟ್ರೀಟ್‌ಮೆಂಟು, ಎಲ್ಲಿ, ಯಾವಾಗ, ಯಾರನ್ನ ಕೇಳಿ ಮಾಡಿಸಿದ್ರಿ ಅಂತ ಕೂಗು. ಇಡೀ ಹಾಲು ತಿರುಗಿ ನೋಡಲಿ, ನಾನು ಸಂಭಾಳಿಸ್ತೀನಿ.

ಯಾಕೆ ಸುಮ್ನಿದೀಯ?

ಅಮ್ಮ, ನೆಲ ನೋಡಬೇಡ, ನನ್ನ ನೋಡು. ನೀನು ಯಾಕೆ ಏನೂ ಕೇಳ್ತಿಲ್ಲ? ಮನೆಗೆ ಸಕ್ಕರೆ ತಡವಾಗಿ ತಂದ್ರೆ ಹತ್ತು ಪ್ರಶ್ನೆ ಕೇಳೋಳು ನೀನು. ಇಷ್ಟು ದೊಡ್ಡ ವಿಷಯಕ್ಕೆ ಒಂದು ಪ್ರಶ್ನೆನೂ ಇಲ್ವಾ?

ನಿನಗೆ… ಗೊತ್ತಿತ್ತಾ?

ಯಾವತ್ತಿಂದ? ಇಂಜೆಕ್ಷನ್ ಟೈಮಿಂದಾನಾ? ಅಣ್ಣನ ವಿಷಯನೂ ಗೊತ್ತಾ? ತಲೆಯಾದ್ರೂ ಆಡಿಸು! …ಅಯ್ಯೋ. ಅಯ್ಯೋ ನಿನ್ನ. ಗೊತ್ತಿದ್ದೂ 'ಹುಡುಗಿ ಕಡೆಯಿಂದ' ಅಂದ್ಯಾ? ಯಾರೂ ನಿನ್ನ ಮಗನ ಕಡೆ ಬೆರಳು ತೋರಿಸದೇ ಇರ್ಲಿ ಅಂತ, ನೀನೇ ಮೊದಲು ತೋರಿಸಿಬಿಟ್ಯಾ?

ಹಾಗಾದ್ರೆ ಆ ಸ್ಕ್ಯಾನ್ ರೂಮಲ್ಲಿ… ಅಣ್ಣ ನಿನ್ನ ಮುಖ ನೋಡಿ ಸುಳ್ಳು ಹೇಳಿದ್ನಲ್ಲ, ಅದು ಸುಳ್ಳು ಅಂತ ನಿನಗೆ ಗೊತ್ತಿತ್ತು. ಅವನು ಇಕ್ಕಟ್ಟಲ್ಲಿ ಒದ್ದಾಡ್ತಿದ್ದಿದ್ದೂ ಗೊತ್ತಾಯ್ತು. ನೀರು ಕುಡಿದು ಬರ್ತೀನಿ ಅಂತ ಒಂದು ನಿಮಿಷ ಆಚೆ ಹೋಗಿದ್ರೆ ಸಾಕಾಗಿತ್ತಲ್ಲಮ್ಮ… ಒಂದೇ ನಿಮಿಷ.

ಬೇಡ. ಕೈ ಮುಗೀಬೇಡ ನನಗೆ, ನಾನ್ಯಾರು?

ಸೆಕ್ಯುರಿಟಿ ಬಿಡಲ್ಲ ಅಂದಿದ್ದು ಸುಳ್ಳು. ಅಜ್ಜಿ ಅಂದ್ರೆ ಬಿಡ್ತಾರೆ. 'ಅತ್ತೆ ಮೇಲೆ ಬರೋದು ಬೇಡ' ಅಂದಿದ್ದು ಅತ್ತಿಗೆ. ನಾಳೆ ಮಗುನ ಒಳಗೆ ಕರ್ಕೊಂಡು ಹೋಗೋ ಮುಂಚೆ ನಿನಗೆ ಎಲ್ಲ ಗೊತ್ತಿತ್ತು ಅನ್ನೋದನ್ನ ಅವರು ಕೇಳಬೇಕು, ನಿನ್ನ ಬಾಯಿಂದಲೇ ಕೇಳಬೇಕು. ಏಳು. ಇಲ್ಲಿ ಅಳಬೇಡಮ್ಮ, ನನ್ನ ಮುಂದೆ ಅತ್ತು ಏನುಪಯೋಗ? ಮೇಲೆ ಹೋಗಿ ಅವರ ಮುಂದೆ ಅಳು.