ಬಾಗಿಲ ಹಿಂದಿದ್ದ ಮಿಸ್ಟರ್ ಪಿಂಡರ್

ಇದು ನಡೆದದ್ದು ನನ್ನ ಚಿಕ್ಕಮ್ಮನ ಮಗಳು ಡೋರೀನ್‌ಗೆ. ಕೊನೆಯ ಭಾಗದಲ್ಲಿ ನಾನೂ ಜೊತೆಗಿದ್ದೆ. ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಒಂದು ಭಾನುವಾರ ರಾತ್ರಿ ಡೋರೀನ್ ಕೆಲಸ ಮುಗಿಸಿ ಗುಡ್ಡ ಇಳಿದು ಬರುತ್ತಿದ್ದಳು. ಗುಡ್ಡದ ಮೇಲೆ ಟಿವಿ ಸ್ಟುಡಿಯೊ, ಕೆಳಗೆ ಲಂಡನ್ನಿನ ಬಸ್ಸು ನಿಲ್ಲುವ ಜಾಗ. ನಡುವೆ ಒಂದು ಹಳೆಯ ಬಾವಿ. ಬಾವಿಗೆ ಕಬ್ಬಿಣದ ಮುಚ್ಚಳ. ಗಾಳಿ ಬಂದಾಗಲೆಲ್ಲ ಆ ಮುಚ್ಚಳ ಟಣ್... ಟಣ್... ಎನ್ನುತ್ತಿತ್ತು. ಹಿಂದಿನಿಂದ ಹೆಜ್ಜೆ ಸಪ್ಪಳ. ಒಂದು ಕಾಲು ಊರುತ್ತದೆ, ಇನ್ನೊಂದು ಎಳೆಯುತ್ತದೆ. ಠಕ್, ಸರ್ರ್... ಠಕ್, ಸರ್ರ್...

ತಿರುಗಿ ನೋಡದೆಯೇ ಅವಳಿಗೆ ಗೊತ್ತಾಯಿತು. ಮಿಸ್ಟರ್ ಪಿಂಡರ್. ಅಂದಿನ ನಾಟಕದಲ್ಲಿ ಸತ್ತವನ ಪಾತ್ರ ಮಾಡಿದ ಮುದುಕ. ಅವರು ಆಗ ಇನ್ನೂ ಬದುಕಿದ್ದರು. ಗೊಂದಲ ಆಗಬಾರದು ಅಂತ ಇದನ್ನೂ ಹೇಳಿಬಿಟ್ಟೆ.

“ಡೋರೀನ್... ಒಂದ್ನಿಮಿಷ ನಿಲ್ಲಮ್ಮ.”

“ಬಸ್ಸು ತಪ್ಪತ್ತೆ, ಮಿಸ್ಟರ್ ಪಿಂಡರ್.”

“ನಾನು ಮಾತು ಹೇಳಿದೆ ಅಲ್ವಾ? ನೀನು ಕೇಳಿಸ್ಕೊಂಡೆ ಅಲ್ವಾ?”

ಟಣ್...

“ನಾನು ಪುಟ ನೋಡ್ತಿದ್ದೆ. ಗಮನಿಸಲಿಲ್ಲ.”

“ನನ್ನ ಪಕ್ಕದಲ್ಲೇ ನಿಂತಿದ್ಯಲ್ಲ, ತಾಯಿ.”

ಡೋರೀನ್ ಕೆಳಗೆ ಬಸ್ಸಿನ ಕಡೆ ನೋಡಿದಳು. ಅವರು ಅವಳ ಮುಖವನ್ನೇ ನೋಡಿದರು.

“ಆಯ್ತು ಬಿಡು. ಹೋಗು, ಬಸ್ಸು ಹಿಡಿ,” ಅಂದರು.

ಅವರು ಏನು ಕೇಳಿದರು ಅಂತ ಅರ್ಥವಾಗಬೇಕಾದರೆ ಆ ಕಾಲದ ಟಿವಿ ನಾಟಕ ಹೇಗಿತ್ತು ಅಂತ ತಿಳಿದಿರಬೇಕು. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ವರ್ಷ ಆಗಿತ್ತು. ನಾಟಕವನ್ನು ಮೊದಲೇ ಚಿತ್ರೀಕರಿಸಿ ಇಡುತ್ತಿರಲಿಲ್ಲ. ಸ್ಟುಡಿಯೊದಲ್ಲಿ ಆಡುತ್ತಿದ್ದ ಹಾಗೆಯೇ ಮನೆಮನೆಗೆ ಹೋಗುತ್ತಿತ್ತು. ಭಾನುವಾರ ಆಡಿದ್ದನ್ನು ಗುರುವಾರ ಎಲ್ಲರೂ ಬಂದು ಮತ್ತೆ ಮೊದಲಿನಿಂದ ಆಡಬೇಕು. ನಟರು ಮಾತು ಮರೆತರೆ? ಅದಕ್ಕೇ ಡೋರೀನ್ ಇದ್ದದ್ದು. ಅವಳ ಒಂದು ಕೈಯಲ್ಲಿ ನಾಟಕದ ಪ್ರತಿ. ಇನ್ನೊಂದು ಕೈಯ ಹೆಬ್ಬೆರಳ ಕೆಳಗೆ ಒಂದು ಗುಂಡಿ. ಅದನ್ನು ಒತ್ತಿದರೆ ಸ್ಟುಡಿಯೊದ ಸದ್ದು ಹೊರಗೆ ಹೋಗುವುದಿಲ್ಲ, ಚಿತ್ರ ಮಾತ್ರ ಹೋಗುತ್ತದೆ. ಆ ಮೌನದಲ್ಲಿ ಮರೆತ ಮಾತನ್ನು ಎತ್ತಿಕೊಟ್ಟು ಬೆರಳು ತೆಗೆಯಬೇಕು. ಮನೆಯಲ್ಲಿ ಕೂತವರು ತಮ್ಮ ಪೆಟ್ಟಿಗೆಯೇ ಕೆಟ್ಟಿತು ಅಂದುಕೊಂಡು ಅದರ ನೆತ್ತಿಗೆ ಎರಡೇಟು ಕೊಡುತ್ತಾರೆ. ಅಷ್ಟರಲ್ಲಿ ಸದ್ದು ಬಂದಿರುತ್ತದೆ.

ಅಂದಿನದು ದೆವ್ವದ ನಾಟಕ. ಕಡಲಲ್ಲಿ ಮುಳುಗಿ ಸತ್ತ ಬೆಸ್ತನೊಬ್ಬ ರಾತ್ರಿ ಹೆಂಡತಿಯ ಬಾಗಿಲಿಗೆ ಬರುತ್ತಾನೆ. ಅವನ ಮುಖ ಕಾಣುವುದಿಲ್ಲ. ಬಾಗಿಲ ಹಿಂದಿನಿಂದ ಆಡುವ ಒಂದು ಮಾತು, ಅಷ್ಟೇ ಅವನ ಪಾತ್ರ. ಮಿಸ್ಟರ್ ಪಿಂಡರ್ ಜೀವನವಿಡೀ ಊರೂರು ಅಲೆದು ನಾಟಕ ಆಡಿದವರು. ಟಿವಿಯಲ್ಲಿ ಅದೇ ಮೊದಲು. ಅವರ ಹೆಂಡತಿ ಪಕ್ಕದ ಮನೆಯಲ್ಲಿ, ಬೀದಿಯವರ ನಡುವೆ, ಒಳ್ಳೆಯ ಟೋಪಿ ಹಾಕಿಕೊಂಡು ಕೂತಿದ್ದರು.

ಬಾಗಿಲು ತಟ್ಟಿದ ಸದ್ದಾಯಿತು. ನಾಯಕಿ ಮಿಸ್ ಸೆಲ್ವಿನ್ “ಯಾರದು?” ಅನ್ನಬೇಕು. ಅಷ್ಟು ಸಣ್ಣ ಮಾತು... ಮರೆತೇಹೋಯಿತು. ಡೋರೀನ್ ಗುಂಡಿ ಒತ್ತಿದಳು, ಪಿಸುಗುಟ್ಟಿದಳು. ಮಿಸ್ ಸೆಲ್ವಿನ್ “ಯಾರದು?” ಅಂದಳು. ಬೆರಳು ತೆಗೆಯುವ ಮೊದಲೇ ಬಾಗಿಲ ಹಿಂದಿನಿಂದ ಧ್ವನಿ ಬಂತು.

“ತೆಗೀಬೇಡ... ನಾನು ಒಳಗೆ ಬರೋಕೆ ಬಂದಿಲ್ಲ. ನೀನು ಊಟ ಮಾಡಿದ್ಯಾ ಅಂತ ಕೇಳೋಕೆ ಬಂದೆ.”

ಆಮೇಲೆ ಗಂಟಲಲ್ಲಿ ಒಂದು ಸಣ್ಣ ‘ಹ್ಞುಂ’. ಅಳು ನುಂಗಿದ ಹಾಗೆ.

ಡೋರೀನ್‌ಗೆ ಮೈ ಜುಮ್ಮೆಂದಿತು. ಬೆರಳು ಎಲ್ಲಿದೆ ಅನ್ನುವುದೇ ಮರೆತಳು. ನೆನಪಾಗುವ ಹೊತ್ತಿಗೆ ಮಾತು ಮುಗಿದಿತ್ತು. ಒಂದು ಮನೆಗೂ ಅದು ತಲುಪಲಿಲ್ಲ. ಮೇಲೆ ಗಾಜಿನ ಕೋಣೆಯಲ್ಲಿ ಕೂತಿದ್ದ ನಿರ್ದೇಶಕ ಮಿಸ್ಟರ್ ಸ್ಟ್ರಟ್‌ಗೂ ತಲುಪಲಿಲ್ಲ. ಆಗ ತೆರೆಯ ಮೇಲೆ ಬಾಗಿಲು ಮಾತ್ರ ಇತ್ತು, ತಪ್ಪಿದ್ದು ಬಾಗಿಲ ಹಿಂದಿನವನೇ ಅಂದುಕೊಂಡ.

ನಾಟಕ ಮುಗಿಯುತ್ತಿದ್ದಂತೆ ಸ್ಟ್ರಟ್ ಮೆಟ್ಟಿಲು ಇಳಿದು ಬಂದ.

“ಏನ್ ಯಜಮಾನ್ರೇ, ಬಾಗಿಲ ಹಿಂದೆ ನಿದ್ದೆ ಹೊಡೀತಿದ್ರಾ?”

“ನಾನು ಹೇಳಿದೆ, ಸರ್.”

“ಯಾರಿಗೆ ಹೇಳಿದ್ರಿ, ಬೆಕ್ಕಿಗಾ?”

ಅವನ ಹಿಂದೆ ಗಾಜಿನ ಕೋಣೆಯಿಂದ ಇಳಿದು ಬಂದವರು ನಕ್ಕರು. ಮಿಸ್ ಸೆಲ್ವಿನ್‌ಗೆ ಸತ್ಯ ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ತಾನು ಮೂರಕ್ಷರ ಮರೆತದ್ದೂ ಹೊರಗೆ ಬರುತ್ತದೆ. ಅವಳು ತುಟಿಯ ಬಣ್ಣ ಒರೆಸಿಕೊಳ್ಳುತ್ತ, “ನನಗೇನೂ ಕೇಳಿಸಲಿಲ್ಲಪ್ಪ,” ಅಂದಳು. ಡೋರೀನ್‌ಗೂ ಗೊತ್ತಿತ್ತು. ಆದರೆ ಇಂಥದೇ ತಪ್ಪಿಗೆ ಹಿಂದಿನ ಹುಡುಗಿಯನ್ನು ಮನೆಗೆ ಕಳಿಸಿದ್ದರು. ಅವಳೂ ಬಾಯಿ ಬಿಡಲಿಲ್ಲ.

“ಗುರುವಾರ ನೀವು ಬರೋದು ಬೇಡ,” ಅಂದ ಸ್ಟ್ರಟ್.

ಆಮೇಲೆ ಬಾವಿಯ ಹತ್ತಿರ ನಡೆದದ್ದನ್ನು ಆಗಲೇ ಹೇಳಿದ್ದೇನೆ.

ಮಂಗಳವಾರ ರಾತ್ರಿ ಮಲಗಿದ ಮಿಸ್ಟರ್ ಪಿಂಡರ್ ಮತ್ತೆ ಏಳಲಿಲ್ಲ. ಎದೆ ನಿಂತುಹೋಯಿತು ಅಂದರು ಡಾಕ್ಟರು.

ಗುರುವಾರ ಬಾಗಿಲ ಹಿಂದೆ ನಿಂತವನು ರೊನಾಲ್ಡ್ ಅನ್ನುವ ಎಳೆಯ ನಟ. ಡೋರೀನ್ ಆ ಹೊತ್ತಿಗೆ ಗುಂಡಿಯಿಂದ ಕೈಯನ್ನೇ ದೂರ ಇಟ್ಟಿದ್ದಳು. ರೊನಾಲ್ಡ್ ಮಾತು ಹೇಳಿದ. ಅವನ ತೆಳ್ಳನೆಯ ಧ್ವನಿ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಚೆನ್ನಾಗೇನೂ ಇರಲಿಲ್ಲ. ಪಾಠ ಒಪ್ಪಿಸಿದ ಹಾಗಿತ್ತು.

ಮುಗಿದ ಮೇಲೆ ಸ್ಟ್ರಟ್ ಓಡಿ ಬಂದು ರೊನಾಲ್ಡ್‌ನ ಕೈ ಹಿಡಿದುಕೊಂಡ.

“ಎಂಥಾ ಧ್ವನಿನಪ್ಪ ನಿಂದು. ಆ ಮುದುಕನ ಉಬ್ಬಸ ಎಲ್ಲಿಂದ ತಂದೆ? ಕೊನೇಲಿ ಗಂಟಲಲ್ಲಿ ‘ಹ್ಞುಂ’ ಅಂದ್ಯಲ್ಲ... ಮೇಲೆ ನಾವೆಲ್ಲ ಕಣ್ಣು ಒರೆಸ್ಕೊಂಡ್ವಿ.”

ರೊನಾಲ್ಡ್‌ಗೆ ಏನೂ ಅರ್ಥವಾಗಲಿಲ್ಲ. ಸ್ಟ್ರಟ್‌ನ ಮುಖ ನೋಡಿದ. ಆಮೇಲೆ ನಕ್ಕ.

“ಸ್ವಲ್ಪ ಪ್ರಾಕ್ಟೀಸ್ ಮಾಡಿದ್ದೆ, ಸರ್.”

ಅವನ ಹೆಸರು ಪತ್ರಿಕೆಯಲ್ಲೂ ಬಂತು.

ಡೋರೀನ್ ನನ್ನ ಹತ್ತಿರ ಎಲ್ಲವನ್ನೂ ಹೇಳಿದ್ದು ಶನಿವಾರ. “ನಿನ್ನ ತಪ್ಪನ್ನ ಸತ್ತವರ ತಲೆಗೆ ಕಟ್ಟಿ ಬದುಕ್ತೀಯೇನೇ?” ಅಂತ ಬೈದೆ. ಆ ಮಧ್ಯಾಹ್ನವೇ ಇಬ್ಬರೂ ಪಿಂಡರ್ ಅವರ ಮನೆಗೆ ಹೋದೆವು. ಹಿಂದಿನ ದಿನವೇ ಮಣ್ಣು ಮಾಡಿದ್ದರು. ಮೇಜಿನ ಮೇಲೆ, ಮಣ್ಣಿಗೆ ಬಂದವರಿಗೆ ಕೊಟ್ಟು ಉಳಿದ ಹ್ಯಾಮ್ ಸ್ಯಾಂಡ್‌ವಿಚ್ ಒಣಗಿ ಅಂಚು ಮೇಲೆದ್ದಿತ್ತು. ಮಿಸೆಸ್ ಪಿಂಡರ್ ಕೆಟಲ್ ಇಟ್ಟರು.

“ಭಾನುವಾರ ಬೀದಿಯವರ ಮುಂದೆ ನನ್ನ ಮಾನ ಹೋಯ್ತು,” ಅಂದರು. “ಮನೆಗೆ ಬಂದು ‘ನಾನು ಹೇಳಿದೆ ಕಣೇ, ಹೇಳಿದೆ’ ಅಂತ ಒಂದೇ ಸಮ. ನಾನು ನಂಬಲಿಲ್ಲ. ‘ಈ ವಯಸ್ಸಲ್ಲಿ ಸುಳ್ಳು ಬೇರೆ’ ಅಂದೆ. ಆಮೇಲೆ ನಮ್ಮಿಬ್ಬರ ನಡುವೆ ಮಾತೇ ಇಲ್ಲ.”

ಕೆಟಲ್ ಸುಯ್ಯ್... ಅನ್ನತೊಡಗಿತು.

“ಗುರುವಾರ ಈ ಕೋಣೇಲೇ ಪೆಟ್ಟಿಗೆ ಪಕ್ಕ ಕೂತಿದ್ದೆ. ಗೋಡೆಯಾಚೆ ಟಿವಿ. ಆ ಹುಡುಗ ಹೇಳಿದ್ದು ಕೇಳಿಸ್ತು. ಥೇಟ್ ನಮ್ಮವರ ಧ್ವನಿ. ನಿನ್ನೆ ಮೊನ್ನೆ ಬಂದ ಹುಡುಗನಿಗೆ ಬರತ್ತೆ, ಇವರಿಗೆ ಬರಲಿಲ್ಲ ನೋಡಿ.”

ಪೆಟ್ಟಿಗೆ ಅಂದರೆ ಶವದ ಪೆಟ್ಟಿಗೆ.

ಡೋರೀನ್ ಎದ್ದು ನಿಂತಳು. ಅವಳ ಬಾಯಿ ಆಡಿತು... ಕುತ್ತಿಗೆಯ ನರ ಉಬ್ಬಿತು... ಕಣ್ಣಲ್ಲಿ ನೀರು ಇಳಿಯಿತು. ನಾನು ಪಕ್ಕದಲ್ಲೇ ಇದ್ದೆ. ಒಂದಕ್ಷರವೂ ಕೇಳಿಸಲಿಲ್ಲ. ಕೆಟಲ್‌ನ ಸದ್ದು ಕೇಳಿಸುತ್ತಿತ್ತು. ಗಡಿಯಾರದ ಸದ್ದೂ ಕೇಳಿಸುತ್ತಿತ್ತು.

“ಏನಮ್ಮಾ? ಬಾಯಿ ಆಡಿಸ್ತಿದ್ದೀಯ ಅಷ್ಟೇ. ಏನಾದ್ರೂ ಹೇಳು,” ಅಂದರು ಮಿಸೆಸ್ ಪಿಂಡರ್.

ನೀನೇ ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಹೇಳಿದೆ. ‘ಅವರು ಸುಳ್ಳು ಹೇಳಲಿಲ್ಲ, ಗುಂಡಿ ಒತ್ತಿದ್ದು ಇವಳು’ ಅಂತ ನನ್ನ ನಾಲಿಗೆ ಆಡಿದ್ದು ನನಗೆ ಗೊತ್ತು. ಆದರೆ ನನ್ನ ಕಿವಿಗೇ ಅದು ಕೇಳಿಸಲಿಲ್ಲ. ಆಕೆ ನಮ್ಮಿಬ್ಬರ ಮುಖವನ್ನೂ ನೋಡಿದರು.

“ಪಾಪ, ಇಬ್ಬರಿಗೂ ಗಂಟಲು ಕಟ್ಟಿದೆ. ಬಿಸಿ ಟೀ ಕುಡೀರಿ,” ಅಂದರು.

“ಥ್ಯಾಂಕ್ಸ್,” ಅಂದೆ. ಅದು ಕೇಳಿಸಿತು.

ಆಮೇಲೆ ಎರಡು ಸಲ ಹೋದೆವು. ಎರಡು ಸಲವೂ ಹೀಗೇ. ಆಕೆಗೆ ಕಿವುಡು ಅನ್ನಬೇಡಿ. ಕೊನೆಯ ಸಲ ನಾವು ರಸ್ತೆ ದಾಟಿ ಆಚೆ ಬದಿ ಸೇರಿದ್ದೆವು. ಡೋರೀನ್ ನನ್ನ ಕಿವಿಯಲ್ಲಿ, “ಗೇಟಿನ ಚಿಲಕ ಹಾಕಿದ್ಯಾ?” ಅಂತ ಪಿಸುಗುಟ್ಟಿದಳು. ಮುಚ್ಚಿದ ಬಾಗಿಲ ಒಳಗಿನಿಂದ ಮಿಸೆಸ್ ಪಿಂಡರ್, “ಇರಲಿ ಬಿಡಮ್ಮ, ನಾನೇ ಹಾಕ್ಕೋತೀನಿ,” ಅಂದರು.