ನಿಮ್ಮ ನಾನಿ ದೆವ್ವ ಆದ ದಿನ

ಅಲ್ಲ, ದೆವ್ವಕ್ಕ ಹೊಡದಾಕಿ ನಾನಲ್ಲ, ಹೊಡಿಸ್ಕೊಂಡಾಕಿ ನಾನು! ನಗಬ್ಯಾಡ್ರೋ, ಕೇಳ್ರಿ. ನಿಮ್ಮಪ್ಪಂದು ನೌಕರಿ ಹೋಗಿತ್ತು, ಈ ಝೋಯಾ ಇನ್ನೂ ತೊಟ್ಟಿಲದಾಗಿದ್ಲು. ಅರವತ್ತು ವರ್ಷ ಹುಬ್ಬಳ್ಳ್ಯಾಗ ಒಲಿ ಮುಂದ ಕುಂತಾಕಿ, ಅಮೆರಿಕಾಕ್ಕ ಬಂದು ಈ ವಾಲ್ನಟ್ ಕ್ರೀಕಿನ್ಯಾಗ ಟ್ರೇನ್ ಹತ್ತಿ ಓಕ್ಲ್ಯಾಂಡಿಗೆ ಕೆಲಸಕ್ಕ ಹೊಂಟೆ. ಮೊದಲನೇ ನೌಕರಿ! ಏನು ಕೆಲಸ? ಸುಮಿಕೊ ಅಂತ ಜಪಾನಿ ಮುದುಕಿ, ಎಂಬತ್ತಾರು ವರ್ಷದಾಕಿ, ಆಕಿನ್ನ ನೋಡ್ಕೊಳ್ಳೂದು. ಆಕಿ ಊಟಾನ ಬಿಟ್ಟಿದ್ಲು. ಎರಡು ತುತ್ತು ಉಂಡು ತಾಟು ಸರಸಾಕಿ. ಆಕಿ ಮಗಳು ನನಗ ಮೊದಲ್ನೇ ದಿನಾನ ಹೇಳಿದ್ಲು, "ಈ ತಿಂಗಳದಾಗ ಅಮ್ಮ ಉಣ್ಣಲಿಲ್ಲ ಅಂದ್ರ ನರ್ಸಿಂಗ್ ಹೋಮಿಗೆ ಹಾಕ್ತೇನಿ." ಆ ಮಾತು ಕೇಳಿದ್ರ ಮುದುಕಿ ಮಾರಿ ಮುಚ್ಕೊಂಡು ಅಳ್ತಿದ್ಲು. ಆಕಿ ಹೋದ್ರ ನನ್ನ ಕೆಲಸಾನೂ ಹೋತಲ್ಲ.

ಫೆಬ್ರವರಿಯೊಳಗ ಅವರದೊಂದು ಹಬ್ಬ, ಸೆತ್ಸುಬುನ್ ಅಂತ. ವಸಂತ ಬರೂದರ ಹಿಂದಿನ ದಿನ ಹುರಿದ ಸೋಯಾ ಕಾಳು ಒಗದು ದೆವ್ವ ಓಡಸ್ತಾರ. "ದೆವ್ವ ಹೊರಗ! ಭಾಗ್ಯ ಒಳಗ!" ಅಂತ ಒದರಬೇಕು. ದೆವ್ವ ಯಾರು? ಮಗಳು ನನ್ನ ಮಾರಿಗೆ ಕೋಡಿನ ಮುಖವಾಡ ಕಟ್ಟಿ ಆಫೀಸಿಗೆ ಹೋದ್ಲು! ತೋಬಾ ತೋಬಾ, ಬುರ್ಖಾದ ಮ್ಯಾಲೆ ಕೋಡು! ಕೈ ಎತ್ತಾಕ ಆಗೂದಿಲ್ಲ ಅನ್ನೋ ಮುದುಕಿ ಮುಷ್ಟಿಗಟ್ಟಲೆ ಹೊಡದ್ಲು ನೋಡು, ಸೋಫಾದ ಸುತ್ತ ನಾ ಓಡಿದ್ದೇ ಓಡಿದ್ದು.

ಆಮ್ಯಾಲ ನೋಡ್ತೇನಿ, ಕಾರ್ಪೆಟ್ ತುಂಬ ಕಾಳು. ನಮ್ಮ ಮನ್ಯಾಗ ಬ್ಯಾಳಿ ಅಳದು ಹಾಕೋ ಕಾಲ, ತಿನ್ನೋದನ್ನ ತುಳ್ಯಾಕ ಮನಸ್ಸು ಬರ್ತದೇನು? ಎಲ್ಲಾ ಬಳದು, ಅಲ್ಲ, ಬಳೀಲಿಲ್ಲ, ಒಂದೊಂದ ಆರಿಸಿದೆ. "ಗ್ರೋಸ್", ಥೂ ಹೊಲಸು ಅಂತೀಯೇನು? ಮೂರು ಸಲ ತೊಳದೀನೋ ಮಾರಾಯಾ! ನೆನಸಿ, ಬೆಣ್ಣಿ ಆಗೂತನಕ ಕುದಿಸಿ, ಬಿಸ್ಮಿಲ್ಲಾ ಅಂತ ಬಳ್ಳೊಳ್ಳಿ ಸಾಸ್ವಿ ಒಗ್ಗರಣಿ ಹಾಕಿ ಉಸಳಿ ಮಾಡಿದೆ, ನನ್ನ ಹೊಟ್ಟಿಗೇ ಅಂತ.

ಮುದುಕಿ ವಾಸನಿ ಹಿಡಕೊಂಡು ಅಡಗಿಮನಿಗೆ ಬಂದ್ಲು. "ಅಯ್ಯ, ದೆವ್ವಕ್ಕ ಹೊಡದ ಕಾಳು ಬೇಯಿಸಿದಿ?" ನಕ್ಲು, ನಕ್ಲು, ಹಲ್ಲಿನ ಸೆಟ್ ಕೈಗೆ ಬಂತು! ಆಮ್ಯಾಲ ಸೆಟ್ ಹಾಕ್ಕೊಂಡು ಹೇಳಿದ್ಲು, "ಈ ದಿನ ವಯಸ್ಸಿಗೆ ವರ್ಷಕ್ಕೊಂದು ಕಾಳು ತಿನ್ಬೇಕು, ಬರೋ ವರ್ಷಕ್ಕ ಇನ್ನೊಂದು. ಹುರಿದದ್ದು ಹಲ್ಲಿಗೆ ಬರೂದಿಲ್ಲ, ಬಿಟ್ಟು ಭಾಳ ವರ್ಷ ಆತು. ಬರೋ ವರ್ಷ ನನಗ್ಯಾಕ?" ನಾನು ಉಸಳಿ ಬಡಿಸಿದೆ. ತಾಟು ಮುಂದಿಟ್ಟೆ. "ತಿನ್ಕೋತ ಎಣಸ್ರಿ" ಅಂದೆ.

ಒಂದು, ಎರಡು, ಮೂರು. ನಲವತ್ತಕ್ಕ ಬಂದ ಕೂಡ್ಲೆ, "ಅಮ್ಮಾ, ನಿಮ್ಮ ಲಗ್ನ ಯಾವಾಗಾತು?" ಅಂದೆ. ಹೇಳಾಕ ಹತ್ತಿದ್ಲು, ಎಣಿಕಿ ತಪ್ಪಿತು. "ಅಯ್ಯ, ಮತ್ತ ಒಂದರಿಂದ!" ಹಿಂಗ ಮೂರು ಸಲ ತಪ್ಪಿಸಿದೆ, ಅಷ್ಟು ಕಾಳು ಹೆಚ್ಚಿಗಿ ಹೊಟ್ಟಿಗೆ ಹೋದ್ವು! ನಾಲ್ಕನೇ ಸಲ ಎಂಬತ್ತಾರಕ್ಕ ಕೈ ನಿಂತಿತು. "ಬರೋ ವರ್ಷದ್ದು?" ಅಂದೆ. ನನ್ನ ಮಾರಿ ನೋಡಿದ್ಲು. ತಿಂದ್ಲು.

ಸಂಜೀಕ ಮಗಳು ಬಂದು ನಡೆದದ್ದು ಕೇಳಿದವಳೇ, "ನೆಲದ ಮ್ಯಾಲಿಂದು ತಿನ್ನಿಸಿದಿ?!" ಅಂತ ಚೀರಿದ್ಲು. ಹೋತು ನೌಕರಿ ಅಂದ್ಕೊಂಡೆ. ಮುದುಕಿ ಬರಿದಾದ ತಾಟು ಎತ್ತಿ ತೋರಿಸಿ, "ನಾಳೆ ಇನ್ನೂ ಜಾಸ್ತಿ ಮಾಡು" ಅಂದ್ಲು ನನಗ. ಮಗಳು ಅಲ್ಲೇ ಕುಂತು ಗಳಗಳ ಅತ್ಲು. ನರ್ಸಿಂಗ್ ಹೋಮಿನ ಮಾತು ಮತ್ತ ತಗೀಲಿಲ್ಲ. ಅದ್ಕ ಹೇಳ್ತೇನಿ ಮಕ್ಕಳ್ರಾ, ಹಬ್ಬ ಯಾರದರ ಇರ್ಲಿ, ಹಲ್ಲಿಲ್ಲದವರ ಸಲುವಾಗಿ ಕಾಳು ಮೆತ್ತಗ ಬೇಯಿಸ್ರಿ.