ಐದನೆಯ ಓಟು

ಅದಲ್ಲ ಮೂಸಕುಂಞಿ, ಸೋತದ್ದಕ್ಕೆ ಅಲ್ಲ ನಾನು ಹೇಳುದು. ಚುನಾವಣೆ ಅಂದ ಮೇಲೆ ಒಬ್ಬ ಸೋಲಲೇಬೇಕು. ಸೋಲಿಸಿದ ರೀತಿ ಉಂಟಲ್ಲ, ಅದನ್ನು ಹೇಳುದು. ಪಕ್ಷದವರೇ ಕೂತು ರಾಷ್ಟ್ರಪತಿ ಸ್ಥಾನಕ್ಕೆ ಒಬ್ಬರನ್ನು ಆರಿಸಿದ್ರು. ದಿಲ್ಲಿಯ ದೊಡ್ಡವರು ಅವರ ಕಾಗದಕ್ಕೆ ಸಹಿ ಹಾಕಿದ್ರು. ಮತ್ತೆ ಸಹಿ ಹಾಕಿದವರೇ ತಿರುಗಿ, ಆತ್ಮಸಾಕ್ಷಿ ಹೇಳಿದ ಹಾಗೆ ಓಟು ಹಾಕಿ ಅಂದ್ರು. ಆತ್ಮಸಾಕ್ಷಿ... ಹೊಸ ಶಬ್ದ. ಈ ಒಂದು ತಿಂಗಳಿಂದ ಪೇಪರಿನಲ್ಲಿ ಅದೊಂದೇ ಶಬ್ದ.

ಚಾ ಬೇಡ, ಬೇಡ. ನಿನ್ನ ಹೆಂಡತಿ ನೆಬೀಸಳಿಗೆ ತೊಂದರೆ ಕೊಡಬೇಡ. ಕಡಬದಲ್ಲಿ ಬಸ್ಸಿಳಿದ ಕೂಡ್ಲೆ ಕುಡಿದೆ. ನೀನು ನಿನ್ನ ಕೆಲಸ ಮಾಡು ಮಾರಾಯ. ಆ ಕೊಡೆಯ ಕಡ್ಡಿ ಕಟ್ಟುತ್ತಾ ಇರು, ನಾನು ಈ ಬೆಂಚಿನಲ್ಲಿ ಕೂತು ಮಾತಾಡ್ತೇನೆ.

ಯಾಕೆ ನಗುದು? ಈ ಸಂಕಪ್ಪನಿಗೂ ರಾಷ್ಟ್ರಪತಿಗೂ ಎಂತ ಸಂಬಂಧ ಅಂತಲಾ? ಸಂಬಂಧ ಇಲ್ಲ. ಆ ಓಟು ಎಮ್ಮೆಲ್ಲೆಗಳು, ಎಂಪಿಗಳು ಹಾಕುದು, ನನ್ನನ್ನು ಯಾರೂ ಕೇಳ್ಲಿಲ್ಲ. ಆದರೂ ದಿನಾ ಸುಳ್ಯಕ್ಕೆ ಹೋಗಿ ಪೇಪರು ಓದಿದೆ. ಮೊನ್ನೆ ಎಣಿಕೆಯ ದಿನ ಹೋಟೆಲಿನ ರೇಡಿಯೋದ ಅಡಿಯಲ್ಲಿ ನಿಂತುಕೊಂಡೇ ಇದ್ದೆ. ಐವತ್ತೆರಡರಿಂದ ನಾನು ಓಟು ಹಾಕಿದ್ದು ಪಕ್ಷದ ಗುರುತು ಜೋಡೆತ್ತಿಗೇ. ಅಭ್ಯರ್ಥಿ ಯಾರು ಅಂತ ನೋಡ್ಲಿಲ್ಲ, ಎತ್ತು ನೋಡಿದೆ, ಮುದ್ರೆ ಒತ್ತಿದೆ. ಹಿರಿಯರು ಒಂದು ದಾರಿ ಹಾಕಿದ್ದಾರೆ, ಆ ದಾರಿಯಲ್ಲಿ ನಡೆಯುದು. ಅಷ್ಟೇ ನನಗೆ ಗೊತ್ತಿರುದು. ಈಗ ಬ್ಯಾಂಕು ಸರಕಾರದ್ದಾಯ್ತು. ನಾಳೆ ಉತ್ತವನಿಗೇ ಭೂಮಿ ಅಂತಾರೆ. ಆಗಲಿ. ಮೊದಲಾದರೆ ಇಂಥ ಮಾತಿಗೆ ನನ್ನ ಮೈ ಉರೀತಿತ್ತು. ಈಗ ಎಂತ ಕೇಳಿದ್ರೂ ಹತ್ತಿಯಲ್ಲಿ ಕಲ್ಲು ಬಿದ್ದ ಹಾಗೆ. ಸದ್ದಿಲ್ಲ.

ಮೊನ್ನೆ ಸಹಾ ಹಾಗೇ. ನಮ್ಮವರು ಸೋತ್ರು ಅಂತ ರೇಡಿಯೋ ಹೇಳಿತು. ಹೋಟೆಲಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದ್ರು, ಕೆಲವರು ಬೈದ್ರು. ಒಬ್ಬ ಕೇಳಿದ, ಗೆಲ್ಲುವಷ್ಟು ಓಟು ಕೈಯಲ್ಲಿತ್ತಲ್ಲ, ಎಲ್ಲಿ ಹೋಯ್ತು ಅಂತ. ನನಗೆ ನಿನ್ನ ನೆನಪಾಯ್ತು ಮೂಸಕುಂಞಿ. ಅದಕ್ಕೇ ಬಂದದ್ದು. ನೀನು ಊರು ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ.

ಇನ್ನೊಂದು ಸುದ್ದಿ ಉಂಟು. ತ್ಯಾಂಪಣ್ಣ ಧನಿಗಳು ತೀರಿಹೋದ್ರು. ಆಟಿ ತಿಂಗಳು ಹುಟ್ಟಿ ನಾಲ್ಕನೇ ದಿನ. ಬೊಜ್ಜ, ಉತ್ತರಕ್ರಿಯೆ ಎಲ್ಲ ಆಯ್ತು. ಗೊತ್ತಾಗಿತ್ತಾ? ಹ್ಞಾ... ಬಸ್ಸಿನವರು ಹೇಳಿರ್ತಾರೆ.

ಮರದ ಹಾಗೆ ಇದ್ದ ಜನ. ಗ್ರಾಮಕ್ಕೆ ಒಂದು ತಲೆ ಬೇಕಲ್ಲ, ಅವರಿದ್ರು. ಪಂಚಾಯತಿಗೆ ಅವರೇ ಪ್ರೆಸಿಡೆಂಟ್ ಆಗಬೇಕು ಅಂತ ನಾನು ಹೇಳಿದ್ದು ಬರೇ ಅವರ ಅನ್ನ ತಿಂದದ್ದಕ್ಕೆ ಅಲ್ಲ. ಅವರ ಅಜ್ಜ ಕಟ್ಟಿಸಿದ ಶಾಲೆಯಲ್ಲೇ ನಾವಿಬ್ಬರೂ ಐದನೇ ತರಗತಿ ಓದಿದ್ದಲ್ವಾ? ನಿನ್ನ ಅಂಗಡಿ ಇದ್ದದ್ದೂ ಅವರ ಕಟ್ಟಡದಲ್ಲಿ. ಮತ್ತೆ ಆ ಕಡೆಯಲ್ಲಿ ನಿಂತದ್ದು ಯಾರು? ಚನಿಯಪ್ಪ. ಮೂರ್ತೆ ಮಾಡುವವ, ಕಳ್ಳಿಗೆ ತಾಳೆಮರ ಹತ್ತಿ ಇಳಿಯುವವ. ಅವನು ಕುರ್ಚಿಯಲ್ಲಿ ಕೂತು ಧನಿಗಳು ಬೆಂಚಿನಲ್ಲಿ ಕೂರುದಾ? ಅವತ್ತು ನನಗೆ ಅದನ್ನು ಯೋಚಿಸಲಿಕ್ಕೂ ಆಗ್ತಿರ್ಲಿಲ್ಲ. ನಿಜ ಹೇಳ್ತೇನೆ. ಈಗಲೂ ಅದು ಸರಿ ಅಂತ ನನಗೆ ಕಾಣುದಿಲ್ಲ.

ಪ್ರಚಾರ ಎಷ್ಟು ಮಾಡಿದೆವು, ನೆನಪುಂಟಲ್ಲ. ಪುತ್ತೂರಿನಿಂದ ಜೀಪು ತರಿಸಿದ್ರು. ನಾನು ಎದುರು ಕೂತು ತಗಡಿನ ತುತ್ತೂರಿಯಲ್ಲಿ ಕೂಗಿದೆ. ನೀನು ಹಿಂದೆ ಕೂತು ಬ್ಯಾರಿಗಳ ಮನೆ ಬಂದಾಗ ಇಳೀತಿದ್ದೆ, ನಿನ್ನ ಭಾಷೆಯಲ್ಲಿ ಹೇಳ್ತಿದ್ದೆ. ಮರ್ಕಂಜದ ಗಡಿಯವರೆಗೆ ಒಂದು ಮನೆ ಬಿಡ್ಲಿಲ್ಲ. ಚನಿಯಪ್ಪ ನಡೆದುಕೊಂಡೇ ಹೋದ. ಒಬ್ಬನೇ. ನಾವು ಜೀಪಿನಲ್ಲಿ ಹೋಗುವಾಗ ಬದಿಗೆ ಸರಿದು ನಿಂತು ಕೈ ಮುಗೀತಿದ್ದ.

ಮೆಂಬರುಗಳು ಒಂಬತ್ತು ಜನ ಆದೆವು. ಇನ್ನು ನಾವು ಒಂಬತ್ತು ಜನ ಸೇರಿ ಪ್ರೆಸಿಡೆಂಟನ್ನು ಆರಿಸಬೇಕು. ಚನಿಯಪ್ಪನ ಕಡೆ ನಾಲ್ಕು. ನಮ್ಮ ಕಡೆ ಐದು: ಧನಿಗಳು, ಅವರ ತಮ್ಮನ ಹೆಂಡತಿ ಶೀಲಾವತಿ, ಅವರ ಅಳಿಯ ಪ್ರೇಮನಾಥ, ನೀನು, ನಾನು. ಗಟ್ಟಿ ಐದು. ಮುನ್ನಾದಿನ ಚಾವಡಿಯಲ್ಲಿ ಊಟ ಆಗುವಾಗ ಧನಿಗಳು ಒಬ್ಬೊಬ್ಬರ ಹತ್ತಿರವೂ ಕೇಳಿದ್ರು, ಶೀಲಾವತಿಯಕ್ಕನ ಹತ್ತಿರವೂ ಕೇಳಿದ್ರು. ನನ್ನ ಎಲೆಯ ಎದುರು ಬಂದಾಗ, ಸಂಕಪ್ಪನ ಹತ್ತಿರ ಎಂತ ಕೇಳುದು, ಅವನ ಓಟು ನನ್ನ ಕಿಸೆಯಲ್ಲೇ ಉಂಟು ಅಂದ್ರು. ಎಲ್ಲರೂ ನಗಾಡಿದ್ರು. ನಾನೂ ನಗಾಡಿದೆ. ನೀನು ನಗಾಡ್ಲಿಲ್ಲ, ನನ್ನನ್ನು ಒಮ್ಮೆ ನೋಡಿದೆ. ಇಲ್ಲ? ನನಗೆ ಹಾಗೆ ಕಂಡಿತು.

ಮರುದಿನ ಪುತ್ತೂರಿನಿಂದ ಆಫೀಸರು ಬಂದು ಎಣಿಸಿ ಹೇಳಿದ್ರು. ಚನಿಯಪ್ಪನಿಗೆ ಐದು, ಧನಿಗಳಿಗೆ ನಾಲ್ಕು.

ಧನಿಗಳ ಮುಖ ನಾನು ನೋಡ್ಲಿಲ್ಲ. ಅವರು ಎದ್ದು ಚನಿಯಪ್ಪನಿಗೆ ಕುರ್ಚಿ ತೋರಿಸಿದ್ರು, ಹೊರಗೆ ಬಂದು ಚಪ್ಪಲಿ ಹಾಕಿದ್ರು, ನಡೆದ್ರು. ಜೀಪು ಹತ್ತಲಿಲ್ಲ.

ಮತ್ತೆ ಆದದ್ದು ನಿನಗೆ ಗೊತ್ತುಂಟು. ಐದರಲ್ಲಿ ಮೂವರು ಮನೆಯವರು. ನಾನು ಕಿಸೆಯಲ್ಲಿದ್ದವ. ಉಳಿದದ್ದು ನೀನು. ಅದಲ್ಲದೆ ಪ್ರೆಸಿಡೆಂಟ್ ಚುನಾವಣೆಯ ಮೊದಲಿನ ಆದಿತ್ಯವಾರ ಚನಿಯಪ್ಪ ನಿನ್ನ ಅಂಗಡಿಗೆ ಹೋದದ್ದನ್ನು ಯಾರೋ ನೋಡಿದ್ದರಂತೆ. ಅರ್ಧ ಗಂಟೆ ಒಳಗೇ ಇದ್ದ ಅಂತ ಯಾರೋ ಹೋಗಿ ಧನಿಗಳಿಗೆ ಹೇಳಿದ್ದಂತೆ. ಊರಲ್ಲಿ ಬಾಯಿಗೆ ಬಾಗಿಲಿಲ್ಲವಲ್ಲ. ಸಾಮಾನಿಗೆ ಬಂದದ್ದು ಅಂತ ನೀನು ಹೇಳಿದೆ. ಯಾರು ನಂಬುದು? ಧನಿಗಳು ನಿನ್ನನ್ನು ಕರೆದು ಬೈಯಲೂ ಇಲ್ಲ. ತಿಂಗಳೊಳಗೆ ಕೋಣೆ ಖಾಲಿ ಮಾಡ್ಲಿ ಅಂತ ಪ್ರೇಮನಾಥನ ಹತ್ತಿರ ಹೇಳಿ ಕಳಿಸಿದ್ರು. ಅಂಗಡಿಗೆ ಬರುವ ಜನ ಮರುದಿನದಿಂದಲೇ ನಿಂತರು. ಇಪ್ಪತ್ತು ವರ್ಷದ ಅಂಗಡಿ.

ಗಾಡಿಗೆ ಸಾಮಾನು ತುಂಬಿಸಲಿಕ್ಕೆ ನಾನು ಬಂದಿದ್ದೆ. ಬೇರೆ ಯಾರೂ ಬರ್ಲಿಲ್ಲ, ನಾನು ಬಂದಿದ್ದೆ. ಅದು ನೆನಪುಂಟಲ್ಲ ನಿನಗೆ? ತಕ್ಕಡಿ, ಎಣ್ಣೆಯ ಡಬ್ಬಿ, ಗೋಣಿ ಎಲ್ಲ ನಾನೇ ಎತ್ತಿ ಇಟ್ಟೆ. ನಿನ್ನ ಉಮ್ಮ ಅಲೀಮಮ್ಮ ಗಂಟುಗಳ ಮೇಲೆ ಕೂತಿದ್ರು. ಸಣ್ಣದಿರುವಾಗ ನನಗೆ ಎಷ್ಟು ಸಲ ಅಕ್ಕಿಯ ಪತ್ತಿರ್ ತಿನ್ನಿಸಿದವರು. ಅವರು ನನ್ನ ಕೈ ಹಿಡಿದು ಹೇಳಿದ್ರು, "ಸಂಕಪ್ಪ, ನನ್ನ ಮಗ ಒಂದು ಬಾಯಿಯಲ್ಲಿ ಎರಡು ಮಾತಾಡುವವ ಅಲ್ಲ. ಧನಿಗಳ ಹತ್ತಿರ ನೀನಾದರೂ ಹೇಳು." ಹೇಳ್ತೇನೆ ಉಮ್ಮ ಅಂದೆ. ಹೊಳೆಯವರೆಗೆ ಗಾಡಿಯ ಹಿಂದೆ ನಡೆದು ಬಂದೆ.

ಹೇಳ್ಲಿಲ್ಲ. ನಾಳೆ ಹೇಳುವ, ಸಮಯ ನೋಡಿ ಹೇಳುವ ಅಂತ... ಮುಂದಿನ ರಂಜಾನಿಗೆ ಮೊದಲೇ ಉಮ್ಮ ಇಲ್ಲಿ ತೀರಿಹೋದ್ರು ಅಂತ ಕೇಳಿದೆ. ಊರಿನ ಪಳ್ಳಿಯಲ್ಲಿ ನಿನ್ನ ಅಪ್ಪನ ಗೋರಿಯ ಪಕ್ಕದಲ್ಲಿ ಜಾಗ ಇತ್ತು ಅವರಿಗೆ. ನೀನು ತರ್ಲಿಲ್ಲ. ನಾನು ಎರಡು ದಿನ ಪಳ್ಳಿಯ ದಾರಿ ನೋಡಿದೆ.

ಅದಕ್ಕೇ ಹೇಳುದು ನಾನು, ಈ ಗುಟ್ಟಿನ ಓಟು ಒಳ್ಳೇದಲ್ಲ ಅಂತ. ದಿಲ್ಲಿಯಲ್ಲಿ ಆಗಲಿ, ನಮ್ಮಲ್ಲಿ ಆಗಲಿ. ಹೊರಗೆ ಮನುಷ್ಯ ಹೇಗಿದ್ದರೂ, ಆ ಚೀಟಿ ಹಿಡಿದು ಪರದೆಯ ಹಿಂದೆ ಹೋದ ಮೇಲೆ ಧನಿಯೂ ಇಲ್ಲ, ಪಕ್ಷವೂ ಇಲ್ಲ. ಎರಡು ಹೆಸರು, ಒಂದು ಪೆನ್ಸಿಲು. ಕೈ ಮೇಲಿನ ಹೆಸರಿಗೆ ಹೋಗುದು, ಅಭ್ಯಾಸ. ಮತ್ತೆ ಅದು ಅಲ್ಲೇ ನಿಲ್ಲುತ್ತದೆ. ಕೆಳಗೆ ಇಳೀತದೆ. ಗೀಟು ಹಾಕಿ ಆಗುವಾಗ ಪೆನ್ಸಿಲಿನ ಮೊನೆ ಮುರಿದು ಚೀಟಿಯ ಮೇಲೆ ಬಿತ್ತು, ಅದನ್ನು ಊದಿ...

ಯಾಕೆ ಕೈ ನಿಲ್ಲಿಸಿದೆ?

ಕೊಡೆ ಕಟ್ಟು ಮಾರಾಯ. ನಾನು ಸುಮ್ಮನೆ ಹೇಳುದು.

...ಮೇಲಿನ ಹೆಸರು ಧನಿಗಳದ್ದು. ಹೌದು.

ಹೌದು ಮೂಸಕುಂಞಿ. ನಾನೇ ಹಾಕಿದ್ದು ಚನಿಯಪ್ಪನಿಗೆ.

ತಲೆ ಆಡಿಸ್ತೀಯಾ? ಗೊತ್ತಿತ್ತಾ? ಅವತ್ತೇ? ಗೊತ್ತಿರಲೇಬೇಕು. ನಿನ್ನ ಓಟು ಎಲ್ಲಿ ಬಿತ್ತು ಅಂತ ನಿನಗೆ ಗೊತ್ತಿತ್ತಲ್ಲ. ಲೆಕ್ಕ ಮಾಡಲಿಕ್ಕೆ ಎಂತ ಉಂಟು. ಹಾಗಾದರೆ ಗಾಡಿ ತುಂಬಿಸುವಾಗಲೂ ಗೊತ್ತಿತ್ತು. ಹೊಳೆಯವರೆಗೂ ಗೊತ್ತಿತ್ತು. ಉಮ್ಮನಿಗೆ? ...ಅವರಿಗೆ ಹೇಳ್ಲಿಲ್ಲ ನೀನು. ಹೇಳಿದ್ದರೆ ಅವರು ನನ್ನ ಕೈ ಹಿಡೀತಿರ್ಲಿಲ್ಲ.

ಯಾಕೆ ಹಾಕಿದೆ ಅಂತ ಕೇಳಬೇಡ. ನನಗೆ ಚನಿಯಪ್ಪ ಬೇಡವಿತ್ತು. ಗೀಟು ಹಾಕುವಾಗಲೂ ಬೇಡವಿತ್ತು. ಆದರೆ ನನ್ನ ಮನೆಯ ಅಂಗಳದಲ್ಲಿ ನಿಂತು, "ಸಂಕಪ್ಪಣ್ಣ, ನಿಮ್ಮ ಓಟು ಕೇಳಿ ಹೋಗುವ ಅಂತ ಬಂದೆ" ಅಂದದ್ದು ಅವನೊಬ್ಬನೇ. ನಾನು ಬೈದು ಕಳಿಸಿದೆ. ಹೋದ. ಹುಟ್ಟಿದ ಮೇಲೆ ನನ್ನ ಹತ್ತಿರ ಯಾರಾದರೂ ಏನನ್ನಾದರೂ ಕೇಳಿದ್ದು ಅದೇ ಮೊದಲು ಅಂತ ಅವನು ಹೋದ ಮೇಲೆ ಗೊತ್ತಾಯ್ತು.

ಹೊರಗೆ ಬಂದಾಗ ಹೆದರಿಕೆ ಇರ್ಲಿಲ್ಲ. ಖುಷಿಯೂ ಇರ್ಲಿಲ್ಲ. ಇನ್ನೊಬ್ಬನ ಕೈ ನನ್ನ ತೋಳಿನಲ್ಲಿ ನೇತಾಡಿದ ಹಾಗೆ. ಅವತ್ತು ಜೋಮು ಹಿಡಿದದ್ದು, ಇವತ್ತಿಗೂ ಬಿಡ್ಲಿಲ್ಲ.

ಈಗ ಹೇಳಿದೆನಲ್ಲ. ಆಯ್ತಲ್ಲ. ಆ ಅಂಗಡಿ ಕೋಣೆ ಖಾಲಿ ಉಂಟು. ಪ್ರೇಮನಾಥ ಒಳ್ಳೆಯವ, ನಾನು ಮಾತಾಡ್ತೇನೆ. ಐದನೆಯ ಓಟು ನನ್ನದು ಅಂತ ಅವನ ಎದುರು ಹೇಳ್ತೇನೆ. ಬಾ ಮಾರಾಯ, ಊರಿಗೆ ಬಾ.

ಬೇಡವಾ?

ಬೈಯಾದರೂ ಬೈ. ಕೊಡೆಯಲ್ಲಿ ಬೇಕಾದರೂ ಎರಡು ಹಾಕು. ಹೀಗೆ ನೋಡ್ತಾ ಕೂರಬೇಡ. ಓಟು ನನ್ನದು ಅಂತ ನಿನಗೆ ಮೊದಲೇ ಗೊತ್ತಿತ್ತು. ಈಗ ನಾನೂ ಹೇಳಿದೆ. ಮತ್ತೆ ಎಂತ ಬಾಕಿ ಉಂಟು? ಎಂತಕ್ಕೆ ಕಾಯ್ತಾ ಇದ್ದೀ ನೀನು?

...

ಧನಿಗಳಿಗೆ ಹೇಳಿದವ ಯಾರು ಅಂತಲಾ?

...

ಅವರು ನಿನ್ನ ಹೆಸರು ಎತ್ತಿರ್ಲಿಲ್ಲ. ಯಾರ ಹೆಸರೂ ಎತ್ತಿರ್ಲಿಲ್ಲ. ಓಟು ಎಣಿಸಿದ ಸಂಜೆ ಚಾವಡಿಯಲ್ಲಿ ಒಬ್ಬರೇ ಕೂತಿದ್ರು. ನಾನು ಹೋದಾಗ ತಲೆ ಎತ್ತಿ ನನ್ನನ್ನು ನೋಡಿದ್ರು. ಸ್ವಲ್ಪ ಹೊತ್ತು ನೋಡಿದ್ರು. ಕೇಳ್ಲಿಲ್ಲ. ಅವತ್ತೂ ನನ್ನನ್ನು ಏನೂ ಕೇಳ್ಲಿಲ್ಲ. ನಾನೇ ಹತ್ತಿರ ಹೋಗಿ ಹೇಳಿದೆ, "ಆದಿತ್ಯವಾರ ಚನಿಯಪ್ಪ ಮೂಸಕುಂಞಿಯ ಅಂಗಡಿಯಿಂದ ಹೊರಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ ಧನಿಗಳೇ" ಅಂತ. ಅದು ಸುಳ್ಳಲ್ಲ. ಕಂಡದ್ದು ಹೌದು.

ಮಗಳ ಬಾಣಂತನಕ್ಕೆ ಅಂತ ಬೆಲ್ಲ, ಓಮ ಕಟ್ಟಿಸಿಕೊಂಡು ಅವನು ನಿನ್ನ ಅಂಗಡಿಯಿಂದ ನೆಟ್ಟಗೆ ನನ್ನ ಅಂಗಳಕ್ಕೆ ಬಂದ. ಮೂಸಕುಂಞಿಯ ಹತ್ತಿರವೂ ಓಟು ಕೇಳಿ ಬಂದೆಯಾ ಅಂತ ನಾನು ಜೋರು ಮಾಡಿದೆ. ಇಲ್ಲ ಅಂದ. "ಅವರ ಹತ್ತಿರ ಕೇಳ್ಲಿಲ್ಲ ಸಂಕಪ್ಪಣ್ಣ. ಅಂಗಡಿ ಧನಿಗಳ ಜಾಗದಲ್ಲಿ ಉಂಟು. ಪಾಪ, ಅವರಿಗೆ ತೊಂದರೆ ಆಗುದು ಬೇಡ."